ಫೈರ್ ಇಂಜಿನ್ ಬರುವ ಮುಂಚಿನ ಐವತ್ತು ನಿಮಿಷ

ಪ್ರಶ್ನೆ: ಸರ್, ನಮ್ಮೂರು ಶಿರಸಿ ಪೇಟೆಯಿಂದ 26 ಕಿ.ಮೀ. ಒಳಗೆ. ಎಂಟು ಮನೆಗಳ ಕೇರಿ. ಕಳೆದ ಫೆಬ್ರವರಿಯಲ್ಲಿ ಪಕ್ಕದ ಮನೆಯವರ ಗೊಣಬೆಗೆ, ಅಂದರೆ ಹುಲ್ಲಿನ ಬಣವೆಗೆ, ಬೆಂಕಿ ಬಿತ್ತು. ಅಲ್ಲಿಂದ ಕೊಟ್ಟಿಗೆಗೆ ಹಬ್ಬಿತು. ದನಗಳನ್ನು ಹೇಗೋ ಬಿಚ್ಚಿ ಹೊಡೆದೆವು. ಒಂದು ಕರು ಮಾತ್ರ ಉಳಿಯಲಿಲ್ಲ. ಫೋನ್ ಮಾಡಿ 50 ನಿಮಿಷಕ್ಕೆ ಫೈರ್ ಇಂಜಿನ್ ಬಂತು. ಬಂದ ಮೇಲೂ ಹತ್ತು ಹನ್ನೆರಡು ನಿಮಿಷಕ್ಕೆ ನೀರು ಮುಗಿಯಿತು. ಪಕ್ಕದಲ್ಲೇ ತುಂಬಿದ ಬಾವಿ ಇದ್ದರೂ ಅದರಿಂದ ನೀರು ಎತ್ತಲು ಆಗುವುದಿಲ್ಲ ಅಂದರು. ಊರವರು ಸಿಬ್ಬಂದಿಗೆ ತುಂಬಾ ಬೈದರು. ನನಗೆ ಅದೂ ಬೇಜಾರಾಯಿತು. ಇಷ್ಟು ದೂರ ಇರುವ ನಮಗೆ ಅಗ್ನಿಶಾಮಕ ದಳದಿಂದ ನಿಜವಾಗಿ ಏನು ಪ್ರಯೋಜನ? ಅವರು ಬರುವವರೆಗೆ ನಾವು ಏನು ಮಾಡಬೇಕಿತ್ತು? ಇನ್ನೊಂದು, ಸುಟ್ಟ ಹುಲ್ಲಿನ ಬೂದಿಯನ್ನು ತೋಟಕ್ಕೆ ಹಾಕಬಹುದಾ?

ಉತ್ತರ:

ಕರುವಿನ ವಿಷಯ ಓದಿ ಮನಸ್ಸಿಗೆ ಕಷ್ಟವಾಯಿತು. ನಾನು ಈ ಜಿಲ್ಲೆಯ ಅಗ್ನಿಶಾಮಕ ಠಾಣೆಗಳಲ್ಲಿ ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಕೆಲಸ ಮಾಡಿದವನು. ಘಟ್ಟದ ಮೇಲೂ ಇದ್ದೆ, ಕೆಳಗೂ ಇದ್ದೆ. ನೀವು ಹೇಳಿದಂಥ ಗಾಡಿಯಲ್ಲಿ ಕೂತು, ಗುಡ್ಡದ ಆಚೆ ಕೆಂಪಾದ ಆಕಾಶ ನೋಡುತ್ತಾ, ಇನ್ನೂ ಎಂಟು ಕಿಲೋಮೀಟರ್ ಇದೆಯಲ್ಲ ಎಂದು ಹಲ್ಲು ಕಚ್ಚಿದ ರಾತ್ರಿಗಳು ಎಷ್ಟೋ. ಬೈಸಿಕೊಂಡದ್ದೂ ಉಂಟು. ಮನೆ ಸುಟ್ಟವರ ಬಾಯಿಂದ ಬೇರೆ ಏನು ಬರಬೇಕು ಹೇಳಿ.

ಮೊದಲ ಪ್ರಶ್ನೆಗೆ ನೇರವಾಗಿಯೇ ಹೇಳುತ್ತೇನೆ. 26 ಕಿ.ಮೀ. ದೂರದ ಊರಿನಲ್ಲಿ ಮೊದಲು ಹೊತ್ತಿಕೊಂಡದ್ದನ್ನು ಫೈರ್ ಇಂಜಿನ್ ಉಳಿಸುವುದು ತೀರಾ ಅಪರೂಪ. ಅದು ಉಳಿಸುವುದು ಎರಡನೆಯ ಮನೆಯನ್ನು, ಮೂರನೆಯ ಮನೆಯನ್ನು. ಮೊದಲನೆಯದು ಉಳಿಯಬೇಕಾದರೆ ಅಲ್ಲಿ ನಿಂತವರೇ ಉಳಿಸಬೇಕು. ಇದನ್ನು ಇಲಾಖೆಯ ಪರವಾಗಿ ಹೇಳುತ್ತಿಲ್ಲ. ಲೆಕ್ಕವೇ ಹಾಗಿದೆ.

ಹಳ್ಳಿಗಳಲ್ಲಿ 50 ಚದರ ಕಿ.ಮೀ.ಗೆ ಒಂದು ಅಗ್ನಿಶಾಮಕ ಠಾಣೆ ಇರಬೇಕು, ಕರೆ ಬಂದ 20 ನಿಮಿಷದಲ್ಲಿ ಗಾಡಿ ಮುಟ್ಟಬೇಕು ಎಂದು ದೇಶದ ಅಗ್ನಿಶಾಮಕ ಸಲಹಾ ಮಂಡಳಿ ಬಹಳ ಹಿಂದೆಯೇ ಹೇಳಿದೆ. ನಮ್ಮ ಉತ್ತರ ಕನ್ನಡದ ವಿಸ್ತೀರ್ಣ 10 ಸಾವಿರ ಚದರ ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಆ ಲೆಕ್ಕ ಹಿಡಿದರೆ 200 ಠಾಣೆ ಬೇಕು. ಅರ್ಧಕ್ಕಿಂತ ಹೆಚ್ಚು ಕಾಡೇ ಅಂತ ಬಿಟ್ಟರೂ ಹಲವು ಹತ್ತು ಠಾಣೆಗಳು ಬೇಕಾಗುತ್ತವೆ. ಇರುವುದು ಹೆಚ್ಚುಕಡಿಮೆ ತಾಲೂಕು ಕೇಂದ್ರಗಳಲ್ಲಿ ಮಾತ್ರ. ಹೋಬಳಿಗೊಂದು ಸಣ್ಣ ಗಾಡಿಯಾದರೂ ಬೇಕು ಎಂದು ನಾನು ಕೆಲಸದಲ್ಲಿದ್ದಾಗಲೂ ಹೇಳಿದೆ, ಈಗಲೂ ಹೇಳುತ್ತೇನೆ. ಇದನ್ನು ನೀವು ಗ್ರಾಮಸಭೆಯಲ್ಲಿ ಎತ್ತಿ. ಠರಾವು ಮಾಡಿಸಿ ಮೇಲಕ್ಕೆ ಕಳಿಸಿ.

ಇನ್ನು ರಸ್ತೆ. ಸಾಮಾನ್ಯವಾಗಿ ನಮ್ಮ ಕಡೆ ಬರುವ ದೊಡ್ಡ ಗಾಡಿಯಲ್ಲಿ ಸುಮಾರು 4,500 ಲೀಟರ್ ನೀರಿರುತ್ತದೆ. ಅಂದರೆ ನೀರಿನ ತೂಕವೇ ನಾಲ್ಕೂವರೆ ಟನ್. ತಿರುವಿನಲ್ಲಿ ಈ ನೀರು ಒಂದು ಕಡೆಗೆ ನೂಕುತ್ತದೆ. ಶಿರಸಿ, ಸಿದ್ದಾಪುರದ ಒಳರಸ್ತೆಗಳಲ್ಲಿ ಅರ್ಧ ಕಿಲೋಮೀಟರ್‌ಗೆ ಒಂದು ತಿರುವು, ಎದುರಿಗೆ ಬಸ್ ಬಂದರೆ ಒಬ್ಬರು ಹಿಂದೆ ಹೋಗಬೇಕು. ಅಲ್ಲಿ ಈ ಗಾಡಿಯನ್ನು ಗಂಟೆಗೆ 30-35 ಕಿ.ಮೀ.ಗಿಂತ ಜೋರಾಗಿ ಹೊಡೆದರೆ ಗಾಡಿಯೇ ಗದ್ದೆಗೆ ಇಳಿಯುತ್ತದೆ. ನಿಮ್ಮೂರಿಗೆ 50 ನಿಮಿಷ ಆಗಿದ್ದು ಆ ಚಾಲಕನ ತಪ್ಪಲ್ಲ. ಸರಿಯಾಗಿಯೇ ಹೊಡೆದಿದ್ದಾರೆ.

ನೀರು ಹತ್ತು ನಿಮಿಷಕ್ಕೆ ಮುಗಿದದ್ದೂ ಲೆಕ್ಕವೇ. ನಾವು ಹಿಡಿಯುವ ಒಂದು ಪೈಪಿನ ತುದಿಯಿಂದ ನಿಮಿಷಕ್ಕೆ 300ರಿಂದ 450 ಲೀಟರ್ ಹೋಗುತ್ತದೆ. ಭಾಗಿಸಿ ನೋಡಿ.

ಬಾವಿಯ ವಿಷಯ ಜನರಿಗೆ ಅರ್ಥವಾಗದೆ ಸಿಟ್ಟು ಬರುವ ಜಾಗ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಫೈರ್ ಇಂಜಿನ್ನಿನ ಪಂಪು ನೀರನ್ನು ಮೇಲಿನಿಂದ ಹೀರುತ್ತದೆ. ಹೀರುವುದು ಅಂದರೆ ಪೈಪಿನೊಳಗಿನ ಗಾಳಿ ತೆಗೆಯುವುದು, ಅಷ್ಟೇ. ಆಮೇಲೆ ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ. ಆ ಒತ್ತಡ ಪುಸ್ತಕದ ಲೆಕ್ಕದಲ್ಲಿ 10 ಮೀಟರ್ ತಳ್ಳಬಲ್ಲದು. ಕೆಲಸದಲ್ಲಿ ನಮಗೆ ಸಿಗುವುದು 7 ಮೀಟರ್, ಅಂದರೆ ಸುಮಾರು 23 ಅಡಿ. ಫೆಬ್ರವರಿಯಲ್ಲಿ ಘಟ್ಟದ ಮೇಲಿನ ಬಾವಿಗಳಲ್ಲಿ ನೀರು 30-40 ಅಡಿ ಕೆಳಗೆ ಹೋಗಿರುತ್ತದೆ. ಬಾವಿಯಲ್ಲಿ ನೀರು ಎಷ್ಟಿದೆ ಎನ್ನುವುದು ಇಲ್ಲಿ ಮುಖ್ಯವಲ್ಲ. ಎಷ್ಟು ಕೆಳಗಿದೆ ಎನ್ನುವುದು ಮುಖ್ಯ. ಎಷ್ಟೇ ದೊಡ್ಡ ಇಂಜಿನ್ ಇದ್ದರೂ ಆ 23 ಅಡಿ ದಾಟುವುದಿಲ್ಲ.

ಹಾಗಾದರೆ ನೀರು ಎಲ್ಲಿಂದ? ನಿಮ್ಮ ತೋಟದ ಹೊಂಡ, ಕೆರೆ, ಹಳ್ಳದ ಕಟ್ಟು, ಗುಡ್ಡದಿಂದ ಇಳಿಯುವ ಅಬ್ಬಿ ನೀರು ತುಂಬುವ ತೊಟ್ಟಿ. ಇವುಗಳಲ್ಲಿ ನೀರು ಮೇಲೆಯೇ ಇರುತ್ತದೆ. ಆದರೆ ಗಾಡಿ ಅದರ ಏಳೆಂಟು ಮೀಟರ್ ಹತ್ತಿರಕ್ಕೆ ಹೋಗುವಂತಿರಬೇಕು, ಯಾಕೆಂದರೆ ಹೀರುವ ಪೈಪು ಅಷ್ಟೇ ಉದ್ದ. ಹತ್ತು ಟನ್ನಿಗೂ ಮಿಕ್ಕಿದ ಗಾಡಿ ಕೆರೆ ಏರಿಯ ಮೇಲೆ ನಿಲ್ಲಬಲ್ಲದಾ ಎಂದು ಈಗಲೇ ನೋಡಿಕೊಳ್ಳಿ. ಬಾವಿಯಲ್ಲಿ ಸಬ್‌ಮರ್ಸಿಬಲ್ ಪಂಪು ಇದ್ದರೆ ಇನ್ನೊಂದು ದಾರಿ ಇದೆ. ಆ ಪಂಪಿನ ಪೈಪನ್ನು ಫೈರ್ ಇಂಜಿನ್ನಿನ ಟ್ಯಾಂಕಿಗೆ ಬಿಡಿ. ತೋಟಕ್ಕೆ ನೀರು ಬಿಡುವ ಸಾಧಾರಣ ಪಂಪು ಇಪ್ಪತ್ತು ನಿಮಿಷದಲ್ಲಿ ಟ್ಯಾಂಕ್ ತುಂಬಿಸಬಲ್ಲದು. ಆದರೆ ಬೆಂಕಿ ಬಿದ್ದ ಕೂಡಲೇ ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರ್‌ನಲ್ಲಿ) ಇಡೀ ಊರಿನ ಕರೆಂಟು ತೆಗೆದುಬಿಟ್ಟರೆ ಆ ಪಂಪೂ ನಿಲ್ಲುತ್ತದೆ. ಸುಡುತ್ತಿರುವ ಮನೆಯ ಮೇನ್ ಮಾತ್ರ ತೆಗೆದು, ಪಂಪಿನ ಲೈನ್ ಉಳಿಸಿಕೊಳ್ಳಲು ಆಗುತ್ತದಾ ಎಂದು ನಿಮ್ಮ ಲೈನ್‌ಮನ್ ಹತ್ತಿರ ಇವತ್ತೇ ಕೇಳಿ. ಬೆಂಕಿ ಬಿದ್ದ ದಿನ ಕೇಳುವ ಪ್ರಶ್ನೆ ಅಲ್ಲ ಇದು.

ಒಂದು ಸಲ ಒಂದು ಊರಿನಲ್ಲಿ ಹೊಳೆಯಿಂದ ನೂರು ಮೀಟರ್ ದೂರದಲ್ಲಿ ಮನೆ ಸುಡುತ್ತಿತ್ತು. ಹೊಳೆಗೆ ಇಳಿಯುವ ದಾರಿಗೆ ಯಾರೋ ಕಲ್ಲುಕಂಬ ನೆಟ್ಟು ಬೇಲಿ ಹಾಕಿದ್ದರು. ಆ ಕಂಬ ಕಿತ್ತು ಗಾಡಿ ಇಳಿಸುವಷ್ಟರಲ್ಲಿ ಮನೆಯ ಮಾಡು (ಛಾವಣಿ) ಕುಸಿದಿತ್ತು. ಆ ಬೇಲಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಈಗ ಎರಡನೆಯ ಪ್ರಶ್ನೆ. ಏನು ಮಾಡಬೇಕಿತ್ತು?

ಮೊದಲು ಫೋನ್. 112 ಅಥವಾ 101. ನಿಮ್ಮ ತಾಲೂಕಿನ ಠಾಣೆಯ ಸ್ಥಿರ ದೂರವಾಣಿ ಸಂಖ್ಯೆಯನ್ನೂ ಗೋಡೆಯ ಮೇಲೆ ಬರೆದಿಡಿ. ಬೆಂಕಿ ಆರಿಸಲು ನೋಡಿ, ಆಗದಿದ್ದರೆ ಫೋನ್ ಮಾಡೋಣ ಎನ್ನುವುದೇ ಎಲ್ಲ ಊರಲ್ಲೂ ಆಗುವ ತಪ್ಪು. ಅದರಲ್ಲಿ ಹದಿನೈದು ನಿಮಿಷ ಹೋಗುತ್ತದೆ. ಒಬ್ಬರು ಆರಿಸಲು ಓಡಿದರೆ ಇನ್ನೊಬ್ಬರು ಫೋನ್ ಹಿಡಿಯಬೇಕು. ಬೆಂಕಿ ನಿಮ್ಮ ಕೈಯಲ್ಲೇ ಆರಿತು ಅನ್ನಿ, ಮತ್ತೆ ಫೋನ್ ಮಾಡಿ 'ಬೇಡ' ಎಂದರಾಯಿತು. ಯಾರೂ ಬೈಯುವುದಿಲ್ಲ.

ಫೋನಿನಲ್ಲಿ ಹೇಳುವುದಕ್ಕೂ ಒಂದು ಕ್ರಮ ಇದೆ. 112 ಕರೆ ಎತ್ತುವವರು ನಿಮ್ಮ ಸೀಮೆಯವರಲ್ಲ. ನಿಮ್ಮೂರಿನ ಹೆಸರಿನದೇ ಇನ್ನೊಂದು ಊರು ಪಕ್ಕದ ತಾಲೂಕಿನಲ್ಲಿ ಇರಬಹುದು. ಹಾಗಾಗಿ ತಾಲೂಕು, ಪಂಚಾಯಿತಿ, ಊರು, ಕೇರಿ, ಈ ಕ್ರಮದಲ್ಲಿ ಹೇಳಿ. ಆಮೇಲೆ ಏನು ಸುಡುತ್ತಿದೆ, ಒಳಗೆ ಜನ ಇದ್ದಾರಾ, ಸಿಲಿಂಡರ್ ಇದೆಯಾ. ಕೊನೆಯದಾಗಿ ದಾರಿಯಲ್ಲಿ ಸಣ್ಣ ಸೇತುವೆ, ಕಿರಿದಾದ ದಣಪೆ (ಬೇಲಿಯ ಬಾಗಿಲು) ಇದ್ದರೆ ಅದು. ನೆಟ್‌ವರ್ಕ್ ಸಿಗುವ ಜಾಗ ಎಲ್ಲಿ ಅನ್ನುವುದು ನಿಮ್ಮ ಕೇರಿಯವರಿಗೆ ಗೊತ್ತೇ ಇರುತ್ತದೆ. ರಾತ್ರಿ ಹೊತ್ತು ಅಲ್ಲಿಗೆ ಓಡುವವರು ಯಾರು ಎಂದು ಮೊದಲೇ ಮಾತಾಡಿಕೊಳ್ಳಿ. ಇನ್ನೊಬ್ಬರು ಬೈಕ್ ತೆಗೆದುಕೊಂಡು ಡಾಂಬರು ರಸ್ತೆಯ ಕ್ರಾಸಿಗೆ ಹೋಗಿ ಟಾರ್ಚ್ ಹಿಡಿದು ನಿಲ್ಲಲಿ. ಈ ಒಂದು ಕೆಲಸದಿಂದ ನಮಗೆ ಎಷ್ಟೋ ಸಲ ಹತ್ತು ನಿಮಿಷ ಉಳಿದಿದೆ. ಕತ್ತಲಲ್ಲಿ ತಪ್ಪು ಕ್ರಾಸಿಗೆ ಹೋದ ದೊಡ್ಡ ಗಾಡಿಯನ್ನು ತಿರುಗಿಸುವುದು ಸುಲಭವಲ್ಲ.

ನಂತರ ಜೀವ. ನಿಮ್ಮವರು ದನ ಬಿಚ್ಚಿದ್ದು ಸರಿಯಾದ ಕೆಲಸ. ಕರು ಯಾಕೆ ಉಳಿಯಲಿಲ್ಲ ಎಂದು ನೀವು ಬರೆದಿಲ್ಲ. ಆದರೆ ನಾನು ನೋಡಿದ ಕೊಟ್ಟಿಗೆ ಬೆಂಕಿಗಳಲ್ಲಿ ಕರುಗಳೇ ಹೆಚ್ಚು ಸತ್ತಿವೆ. ಕಾರಣ ಒಂದೇ. ಕರುವನ್ನು ತಾಯಿಯಿಂದ ದೂರ ಇಡಲು ಒಳಗಿನ ಮೂಲೆಯಲ್ಲಿ ಕಟ್ಟಿರುತ್ತೇವೆ. ಹೊಗೆ ಮೊದಲು ತುಂಬುವುದು ಆ ಮೂಲೆಗೆ. ಇನ್ನು ಮೇಲೆ ಕರುವನ್ನು ಬಾಗಿಲ ಬದಿಗೆ ಕಟ್ಟಿ. ಕಬ್ಬಿಣದ ಸರಪಳಿಗಿಂತ ಹಗ್ಗದ ಕಣ್ಣಿ ಒಳ್ಳೆಯದು, ಕತ್ತಿಯಿಂದ ಒಂದೇ ಏಟಿಗೆ ಕಡಿಯಬಹುದು. ಕೊಟ್ಟಿಗೆ ಬಾಗಿಲ ಹೊರಗೆ ಒಂದು ಕತ್ತಿ ಸಿಕ್ಕಿಸಿಡಿ. ಬಿಚ್ಚಿದ ದನವನ್ನು ಬೇಣದ (ಹುಲ್ಲುಗಾವಲಿನ) ಕಡೆಗೆ ಅಟ್ಟಿ, ಕೊಟ್ಟಿಗೆ ಬಾಗಿಲು ಹಾಕಿ. ಹೆದರಿದ ದನ ತನ್ನ ಜಾಗಕ್ಕೇ ವಾಪಸ್ ನುಗ್ಗುತ್ತದೆ. ಇದನ್ನು ಕಣ್ಣಾರೆ ನೋಡಿದ್ದೇನೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹೊಗೆ ತುಂಬಿದ ಜಾಗಕ್ಕೆ ಯಾರೂ ಮತ್ತೆ ಒಳಗೆ ಹೋಗಬಾರದು. ದನಕ್ಕೂ ಇಲ್ಲ, ಪೆಟ್ಟಿಗೆಗೂ ಇಲ್ಲ, ಕಾಗದ ಪತ್ರಕ್ಕೂ ಇಲ್ಲ. ಬೆಂಕಿಯಲ್ಲಿ ಸಾಯುವವರಲ್ಲಿ ಹೆಚ್ಚಿನವರು ಸುಟ್ಟು ಸಾಯುವುದಿಲ್ಲ, ಹೊಗೆಯಿಂದ ಸಾಯುತ್ತಾರೆ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಕಾಲು ಸೋಲುವುದು ಗೊತ್ತಾಗುವಷ್ಟರಲ್ಲಿ ಬಿದ್ದಿರುತ್ತಾರೆ. 2019ರ ಏಪ್ರಿಲ್ 26ರಂದು ಐಎನ್‌ಎಸ್ ವಿಕ್ರಮಾದಿತ್ಯ ಹಡಗು ಕಾರವಾರ ಬಂದರು ಪ್ರವೇಶಿಸುವಾಗ ಒಳಗೆ ಬೆಂಕಿ ಕಾಣಿಸಿಕೊಂಡಿತ್ತು. ಆರಿಸುವ ತಂಡವನ್ನು ಮುನ್ನಡೆಸಿದ ನೌಕಾಪಡೆ ಅಧಿಕಾರಿ ಹೊಗೆಯಿಂದ ಪ್ರಜ್ಞೆ ತಪ್ಪಿ ಪ್ರಾಣ ಕಳೆದುಕೊಂಡರು. ತರಬೇತಿ ಪಡೆದ ಅವರಿಗೇ ಹೀಗಾಯಿತು. ಪಂಚೆ ಉಟ್ಟು ಬರಿಗೈಯಲ್ಲಿ ನಿಂತ ನಮಗೆ ಹೊಗೆ ಎದುರಿಸಲು ಆಗುವುದಿಲ್ಲ. ಒಳಗೆ ಸಿಕ್ಕಿಕೊಂಡರೆ ನಿಲ್ಲಬೇಡಿ, ನೆಲಕ್ಕೆ ಹತ್ತಿರ ಬಗ್ಗಿ ತೆವಳಿ. ಹೊಗೆ ಮೇಲಿರುತ್ತದೆ, ಉಸಿರಾಡುವ ಗಾಳಿ ಕೆಳಗಿರುತ್ತದೆ.

ಈಗ ನೀರು ಎಲ್ಲಿಗೆ ಹೊಡೆಯಬೇಕು ಎನ್ನುವುದು. ಎಲ್ಲರೂ ಕೊಡಪಾನ ಹಿಡಿದು ಉರಿಯುವ ಗೊಣಬೆಗೆ ಓಡುತ್ತಾರೆ. ಗೊಣಬೆ ಪೂರ್ತಿ ಹೊತ್ತಿದ ಮೇಲೆ ಅದಕ್ಕೆ ಹಾಕಿದ ನೀರು ವ್ಯರ್ಥ. ಹುಲ್ಲು ಒತ್ತಾಗಿ ಕೂತಿರುತ್ತದೆ, ನೀರು ಹೊರಮೈ ಮೇಲೆ ಇಳಿದು ಹೋಗುತ್ತದೆ, ಒಳಗೆ ಕೆಂಡ ಹಾಗೇ ಇರುತ್ತದೆ. ಅದನ್ನು ಆರಿಸುವ ದಾರಿ ಒಂದೇ, ಕೊಕ್ಕೆ ಹಾಕಿ ಎಳೆದು ಹರಡಿ, ಪದರ ಪದರವಾಗಿ ತೋಯಿಸುವುದು. ಅದು ದಿನಗಟ್ಟಲೆಯ ಕೆಲಸ.

ಪ್ರತಿ ವರ್ಷ ಏಪ್ರಿಲ್ 14ರಂದು ಅಗ್ನಿಶಾಮಕ ದಿನ ಆಚರಿಸುತ್ತೇವಲ್ಲ, ಅದರ ಹಿಂದೆಯೂ ಇಂಥದ್ದೇ ಒಂದು ಬೆಂಕಿ ಇದೆ. 1944ರಲ್ಲಿ ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕಿನ್ ಎಂಬ ಹಡಗು ನಿಂತಿತ್ತು. ಅದರಲ್ಲಿ ಹತ್ತಿಯ ಬೇಲುಗಳು, ಅದರ ಜೊತೆಗೇ ಸಿಡಿಮದ್ದು. ಹತ್ತಿಯೊಳಗೆ ಬೆಂಕಿ ಹೊಗೆಯಾಡಿತು. ನೂರಾರು ಟನ್ ನೀರು ಹೊಡೆದರೂ ದಟ್ಟ ಹೊಗೆಯಲ್ಲಿ ಬೆಂಕಿಯ ಬುಡ ಸಿಗಲಿಲ್ಲ. ಸಂಜೆ ನಾಲ್ಕು ದಾಟುತ್ತಿದ್ದಂತೆ ಹಡಗು ಸಿಡಿಯಿತು. ಆರಿಸಲು ಹೋದ 66 ಅಗ್ನಿಶಾಮಕ ಸಿಬ್ಬಂದಿ ಸತ್ತರು. ನಮ್ಮ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲೇ ಇತ್ತು. ಹತ್ತಿಯ ಬೇಲು, ಹುಲ್ಲಿನ ಗೊಣಬೆ, ಅಡಿಕೆ ಸಿಪ್ಪೆಯ ರಾಶಿ, ತೆಂಗಿನ ನಾರಿನ ರಾಶಿ, ಇವೆಲ್ಲ ಒಂದೇ ಜಾತಿ. ಮೇಲೆ ಆರಿದಂತೆ ಕಾಣುತ್ತವೆ, ಒಳಗೆ ಉರಿಯುತ್ತಿರುತ್ತವೆ.

ಹಾಗಾಗಿ ಸುಡುತ್ತಿರುವ ಗೊಣಬೆಯನ್ನು ಬಿಡಿ, ಪಕ್ಕದ ಮಾಡನ್ನು ಹಿಡಿಯಿರಿ. ಗಾಳಿ ಯಾವ ಕಡೆಗೆ ಇದೆ ನೋಡಿ, ಆ ಕಡೆಯ ಮನೆಯ ಹೆಂಚು, ಸೋಗೆ ಚಪ್ಪರ, ಅಡಿಕೆ ಅಟ್ಟ, ಕಟ್ಟಿಗೆ ರಾಶಿ, ಇವಕ್ಕೆ ನೀರು ಹಾಕಿ. ಅಂಗಳದಲ್ಲಿ ಸೋಗೆ ಚಪ್ಪರ ಇದ್ದರೆ ಬೇಗ ಎಳೆದು ಬೀಳಿಸಿ. ಹೆಂಚಿನ ಸಂದಿಯಲ್ಲಿ ಕಿಡಿ ಹೊಕ್ಕರೆ ಒಳಗಿನ ಮರದ ರೀಪು, ಪಕಾಸು ಹಿಡಿಯುತ್ತವೆ. ಮೆತ್ತಿನ (ಮಹಡಿಯ) ಮೇಲೆ ಒಬ್ಬರು ನೀರಿನ ಬಕೆಟ್ ಹಿಡಿದು ಕಿಡಿ ಕಾಯಬೇಕು. ನಾವು ಬಂದು ಮಾಡುವುದೂ ಇದನ್ನೇ. ಕೆಲವೊಮ್ಮೆ ಬೆಂಕಿ ಹಬ್ಬದಂತೆ ಮಧ್ಯದ ಮಾಡು ಕೆಡವಬೇಕಾಗುತ್ತದೆ. ಕರ್ನಾಟಕ ಅಗ್ನಿಶಾಮಕ ದಳದ 1964ರ ಕಾಯ್ದೆ ಸಿಬ್ಬಂದಿಗೆ ಆ ಅಧಿಕಾರ ಕೊಟ್ಟಿದೆ. ಚೆನ್ನಾಗಿರುವ ಮಾಡು ಯಾಕೆ ಒಡೆಯುತ್ತೀರಿ ಎಂದು ಆ ಹೊತ್ತಿನಲ್ಲಿ ತಡೆಯಬೇಡಿ.

ಅಷ್ಟು ನೀರನ್ನು ಮಾಡಿನವರೆಗೆ ಹಾಕುವುದು ಹೇಗೆ ಎಂದು ಕೇಳುತ್ತೀರಿ, ಅಲ್ವಾ? ಇಲ್ಲಿಯೇ ನಾನು ಹೇಳಲೇಬೇಕಾದ ಮುಖ್ಯ ವಿಷಯ ಇರುವುದು. ನಿಮ್ಮ ಎಂಟು ಮನೆಯ ಕೇರಿಯಲ್ಲಿ ಒಂದು ಫೈರ್ ಪಂಪು ಈಗಾಗಲೇ ಇದೆ. ಮಳೆಗಾಲದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಪಂಪು ಅದು. ಬೋರ್ಡೋ ದ್ರಾವಣವನ್ನು ಅಡಿಕೆ ಮರದ ಕೊನೆಯವರೆಗೆ ಚಿಮ್ಮಿಸುವ ಪಂಪು ನಿಮ್ಮ ಮಾಡಿನ ಮೇಲಕ್ಕೆ ಚಿಮ್ಮಿಸುವುದಿಲ್ಲವೇ? ಅದು ಪೆಟ್ರೋಲ್ ಇಂಜಿನ್ನಿನದಾದರೆ ಇನ್ನೂ ಒಳ್ಳೆಯದು, ಕರೆಂಟು ಹೋದರೂ ಓಡುತ್ತದೆ. ಜೊತೆಗೆ ಉದ್ದದ ಪೈಪು ಇದೆ, 200 ಲೀಟರಿನ ಡ್ರಮ್ಮು ಇದೆ. ನಮ್ಮ ದೊಡ್ಡ ಪೈಪಿನ ಹತ್ತನೇ ಒಂದು ಭಾಗ ನೀರೂ ಅದರಿಂದ ಬರುವುದಿಲ್ಲ, ನಿಜ. ಆದರೆ ಅದು ಐದನೇ ನಿಮಿಷಕ್ಕೆ ಕೆಲಸ ಶುರುಮಾಡುತ್ತದೆ. ನಮ್ಮದು ಐವತ್ತನೇ ನಿಮಿಷಕ್ಕೆ. ಬೆಂಕಿ ಸಣ್ಣದಿರುವಾಗ ಬಿದ್ದ ನೂರು ಲೀಟರ್ ನೀರು, ದೊಡ್ಡದಾದ ಮೇಲೆ ಬಿದ್ದ ನಾಲ್ಕು ಸಾವಿರ ಲೀಟರಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಆದರೆ ಆ ಪಂಪು ಬೇಸಿಗೆಯಲ್ಲಿ ಎಲ್ಲಿರುತ್ತದೆ? ಔಷಧಿ ಹೊಡೆದು ಮುಗಿದ ಮೇಲೆ ಗೋಣಿ ಮುಚ್ಚಿ ಕೊಟ್ಟಿಗೆಯ ಅಟ್ಟಕ್ಕೆ ಹಾಕಿರುತ್ತೇವೆ. ಇಂಧನ ಖಾಲಿ. ಪೈಪು ಇಲಿ ಕಡಿದಿರುತ್ತದೆ. ಬೆಂಕಿಯ ಕಾಲ ಜನವರಿಯಿಂದ ಮೇ ತನಕ. ಆ ಐದು ತಿಂಗಳು ಕೇರಿಯ ಒಂದು ಪಂಪಾದರೂ ಹೊರಗೆ, ಸುಲಭಕ್ಕೆ ಸಿಗುವ ಜಾಗದಲ್ಲಿ ಇರಲಿ. ಪಕ್ಕದಲ್ಲಿ ತುಂಬಿದ ಎರಡು ಡ್ರಮ್ಮು. ಹದಿನೈದು ದಿನಕ್ಕೊಮ್ಮೆ ಚಾಲೂ ಮಾಡಿ ನೋಡಿ. ಪೆಟ್ರೋಲನ್ನು ಮಾತ್ರ ಮನೆಯಿಂದ ದೂರ, ನೆರಳಿನಲ್ಲಿ, ಮುಚ್ಚಳ ಬಿಗಿದ ಡಬ್ಬಿಯಲ್ಲಿ ಇಡಿ. ಯಾರು ಚಾಲೂ ಮಾಡುವುದು, ಯಾರು ಪೈಪು ಹಿಡಿಯುವುದು ಎಂದು ತೀರ್ಮಾನ ಆಗಿರಲಿ. ಅಡಿಕೆ ಮರ ಹತ್ತಿ ಕೊನೆ ಕೊಯ್ದು, ಔಷಧಿ ಹೊಡೆದು ಅಭ್ಯಾಸ ಇರುವ ಕೊನೆಗೌಡರು ಊರಲ್ಲಿದ್ದರೆ ಅವರಿಗಿಂತ ಒಳ್ಳೆಯ ಪೈಪು ಹಿಡಿಯುವವರು ಸಿಗುವುದಿಲ್ಲ. ಗುರಿ ಅವರ ಕೈಯಲ್ಲೇ ಇರುತ್ತದೆ. ವಿದ್ಯುತ್ ತಂತಿಯ ಕಡೆಗೆ ಮಾತ್ರ ನೀರು ತಾಗಬಾರದು. ಮೊದಲು ಮನೆಯ ಮೇನ್ ತೆಗೆಯಿರಿ, ಹೊರಗಿನ ತಂತಿ ಹರಿದಿದ್ದರೆ 1912ಕ್ಕೆ ಅಥವಾ ಲೈನ್‌ಮನ್‌ಗೆ ಫೋನ್ ಮಾಡಿ, ಕರೆಂಟು ಹೋಯಿತು ಎಂದು ಖಾತ್ರಿಯಾಗುವವರೆಗೆ ಆ ಜಾಗಕ್ಕೆ ಹೋಗಬೇಡಿ.

ಬೆಂಕಿ ಹೇಗೆ ಬಿತ್ತು ಎಂದು ನೀವು ಬರೆದಿಲ್ಲ. ಊರಲ್ಲಿ 'ಶಾರ್ಟ್ ಸರ್ಕಿಟ್' ಅಂದಿರಬಹುದು. ಕಾರಣ ಗೊತ್ತಾಗದ ಎಲ್ಲ ಬೆಂಕಿಗೂ ಅದೇ ಹೆಸರು. ಗೊಣಬೆ ಬೆಂಕಿಯಲ್ಲಿ ನಾನು ಮೊದಲು ಹುಡುಕುತ್ತಿದ್ದದ್ದು ಬೂದಿ. ಬಚ್ಚಲೊಲೆಯ ಬೂದಿಯನ್ನು ಬೆಳಿಗ್ಗೆ ಎತ್ತಿ ಗೊಬ್ಬರ ಗುಂಡಿಗೆ ಸುರಿಯುತ್ತೇವೆ. ಗುಂಡಿ ಕೊಟ್ಟಿಗೆ ಹಿಂದೆ, ಗೊಣಬೆ ಅದರ ಪಕ್ಕ. ಬೂದಿಯೊಳಗಿನ ಕೆಂಡ ಎರಡು ಮೂರು ದಿನ ಜೀವ ಹಿಡಿದಿರುತ್ತದೆ. ಮಧ್ಯಾಹ್ನ ಗಾಳಿ ಎದ್ದಾಗ ಒಂದು ಕಿಡಿ ಹಾರಿದರೆ ಸಾಕು. ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಬೂದಿ ಹಾಕಿ, ಒಂದು ತಂಬಿಗೆ ನೀರು ಹೊಡೆದು, ಮೂರು ದಿನ ಬಿಟ್ಟು ಗುಂಡಿಗೆ ಹಾಕಿ. ನಮ್ಮ ಸೀಮೆಯ ಅರ್ಧ ಗೊಣಬೆಗಳು ಈ ಒಂದು ಡಬ್ಬಿಯಿಂದ ಉಳಿಯುತ್ತವೆ ಎಂದು ನನಗೆ ಅನ್ನಿಸಿದೆ.

ಎರಡನೆಯದು ತಂತಿ. ಗೊಣಬೆಯ ಮೇಲೆ, ಹುಲ್ಲಿನ ಲಾರಿ ಬರುವ ದಾರಿಯ ಮೇಲೆ ಜೋತುಬಿದ್ದ ತಂತಿ ಇದ್ದರೆ ಬರಹದಲ್ಲಿ ಅರ್ಜಿ ಕೊಡಿ. ಮೂರನೆಯದು ತೇವ. ಮೊದಲು ಇದು ಅಪರೂಪವಾಗಿತ್ತು. ಈಗ ಕೊಯ್ಲಿನ ಹೊತ್ತಿಗೇ ಮಳೆ ಬರುತ್ತದೆ, ಪೂರ್ತಿ ಒಣಗದ ಹುಲ್ಲನ್ನೇ ಒಟ್ಟುತ್ತಾರೆ. ಒದ್ದೆ ಹುಲ್ಲು ಒಳಗೊಳಗೇ ಕೊಳೆಯುತ್ತಾ ಬಿಸಿಯಾಗುತ್ತದೆ. 70 ಡಿಗ್ರಿ ದಾಟಿದರೆ ಅಪಾಯ. ಅನುಮಾನ ಇದ್ದರೆ ಉದ್ದದ ಕಬ್ಬಿಣದ ಸರಳನ್ನು ಗೊಣಬೆಯೊಳಗೆ ತೂರಿಸಿ ಹದಿನೈದು ನಿಮಿಷ ಬಿಟ್ಟು ತೆಗೆಯಿರಿ. ತುದಿಯನ್ನು ಕೈಯಲ್ಲಿ ಹಿಡಿಯಲು ಆಗದಿದ್ದರೆ ಠಾಣೆಗೆ ತಿಳಿಸಿ, ನೀರು ಸಿದ್ಧ ಇಟ್ಟುಕೊಂಡೇ ಬಿಚ್ಚಬೇಕು. ಒಮ್ಮೆಲೇ ಗಾಳಿ ಹೊಕ್ಕರೆ ಭಗ್ ಎಂದು ಹೊತ್ತುತ್ತದೆ. ಮುಂದಿನ ವರ್ಷ ಗೊಣಬೆ ಹಾಕುವಾಗ ಕೊಟ್ಟಿಗೆಯಿಂದ 60 ಅಡಿಯಾದರೂ ದೂರ ಹಾಕಿ. ಹುಲ್ಲು ಹೊರುವುದು ಕಷ್ಟ, ಅದು ಹೆಚ್ಚಾಗಿ ಮನೆಯ ಹೆಂಗಸರ ತಲೆಗೇ ಬರುವ ಕೆಲಸ ಎಂದು ಗೊತ್ತು. ಒಂದು ದೊಡ್ಡ ಗೊಣಬೆ ಬದಲು ಎರಡು ಸಣ್ಣದು ಮಾಡಿ, ವಾರಕ್ಕೆ ಬೇಕಾದಷ್ಟನ್ನು ಮಾತ್ರ ಕೊಟ್ಟಿಗೆ ಹತ್ತಿರ ತಂದಿಟ್ಟುಕೊಳ್ಳಿ.

ಮನೆಯ ಒಳಗಿನದ್ದು ಬೇಗ ಹೇಳಿ ಮುಗಿಸುತ್ತೇನೆ. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಹಾಕಲೇಬೇಡಿ, ಒಲೆ ಆರಿಸಿ ತಟ್ಟೆ ಮುಚ್ಚಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಹಾಕಬೇಡಿ, ತೆಗೆಯಲೂ ಬೇಡಿ. ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲಿ ನಿಲ್ಲುತ್ತದೆ, ಹಾಗಾಗಿ ಕಿಟಕಿಗಿಂತ ಮೊದಲು ಬಾಗಿಲು ತೆಗೆಯಿರಿ, ರೆಗ್ಯುಲೇಟರ್ ಬಂದ್ ಮಾಡಿ, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ರೆಗ್ಯುಲೇಟರ್ ಹತ್ತಿರ ಉರಿ ಬಂದರೆ ಒದ್ದೆ ಗೋಣಿಚೀಲ ಮುಚ್ಚಿ ಗುಂಡಿ ತಿರುಗಿಸಬೇಕು. ಇದನ್ನು ಓದಿ ಕಲಿಯುವುದಲ್ಲ, ಒಮ್ಮೆ ಕೈಯಾರೆ ಮಾಡಬೇಕು. ಅದಕ್ಕೆ ದಾರಿ ಕೆಳಗೆ ಹೇಳುತ್ತೇನೆ. ಅಂಗಡಿಯಿಂದ ತರುವ ಕೆಂಪು ಸಿಲಿಂಡರ್, ಅದೇ ಪೌಡರಿನದು, 6 ಕಿಲೋದ್ದಾದರೆ ಹದಿನೈದಿಪ್ಪತ್ತು ಸೆಕೆಂಡ್ ಮಾತ್ರ ಬರುತ್ತದೆ. ಜ್ವಾಲೆಗೆ ಅಲ್ಲ, ಬುಡಕ್ಕೆ ಹೊಡೆಯಬೇಕು. ಕಾರವಾರ, ಭಟ್ಕಳದ ಕಡೆ ಇದನ್ನು ಓದುವವರು ಒಂದು ಗಮನಿಸಿ, ಉಪ್ಪುಗಾಳಿಗೆ ಇದರ ತಳ ಬೇಗ ತುಕ್ಕು ಹಿಡಿಯುತ್ತದೆ. ನೆಲದ ಮೇಲೆ ಇಡದೆ ಗೋಡೆಗೆ ತೂಗುಹಾಕಿ.

ಕರಾವಳಿಯವರಿಗೆ ಇನ್ನೊಂದು ಮಾತು. ಹೆದ್ದಾರಿ 66ರಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿದರೆ ನೋಡಲು ಹೋಗಬೇಡಿ. 2015ರ ಸೆಪ್ಟೆಂಬರಿನಲ್ಲಿ ಕುಮಟಾ ತಾಲೂಕಿನ ಬರ್ಗಿಯಲ್ಲಿ ಟ್ಯಾಂಕರ್ ಉರುಳಿ, ಸೋರಿದ ಗ್ಯಾಸ್ ಹೊತ್ತಿಕೊಂಡು ಮನೆಯಲ್ಲಿದ್ದವರೇ ಸುಟ್ಟುಹೋದದ್ದು ನಿಮಗೆ ನೆನಪಿರಬಹುದು. ಬಿಳಿ ಮಂಜಿನಂತೆ ನೆಲದಲ್ಲಿ ಹರಿದು ಬರುವುದು ಕಂಡರೆ ಒಲೆ, ದೀಪ ಏನನ್ನೂ ಹಚ್ಚದೆ, ಬೈಕ್ ಕೂಡ ಸ್ಟಾರ್ಟ್ ಮಾಡದೆ, ಗಾಳಿಗೆ ಎದುರಾಗಿ, ಎತ್ತರದ ಕಡೆಗೆ ನಡೆದು ದೂರ ಹೋಗಿ. ಒಂದು ಕಿಲೋಮೀಟರ್ ಆದರೂ ಹೋಗಿ. ದೋಣಿಯವರು ಸಮುದ್ರದಲ್ಲಿ ಬೆಂಕಿ ಕಂಡರೆ ಕೋಸ್ಟ್ ಗಾರ್ಡಿನ 1554ಕ್ಕೆ ತಿಳಿಸಬೇಕು.

ಮತ್ತೆ ನಿಮ್ಮೂರಿಗೆ ಬರುತ್ತೇನೆ. ಬೆಟ್ಟದ ಬೆಂಕಿ ಕೇರಿಗೆ ಇಳಿಯುವ ಭಯ ನಿಮಗೂ ಇರಬೇಕು. ಮನೆ ಬದಿಯ ದರಕನ್ನು (ಒಣ ಎಲೆಯನ್ನು) ಜನವರಿಯಲ್ಲೇ ಗುಡಿಸಿ ಕೊಟ್ಟಿಗೆಗೆ ಹಾಸಿಬಿಡಿ. ಬೆಟ್ಟಕ್ಕೂ ಮನೆಗೂ ನಡುವೆ ಬರಿ ನೆಲದ ಒಂದು ಪಟ್ಟಿ ಇರಲಿ. ಬೆಂಕಿ ಏರುವ ಕಡೆಗೆ ಓಡುತ್ತದೆ, ಇಳಿಜಾರು 10 ಡಿಗ್ರಿ ಹೆಚ್ಚಿದರೆ ಅದರ ಓಟ ಸುಮಾರು ಎರಡರಷ್ಟಾಗುತ್ತದೆ. ಹಾಗಾಗಿ ಹಸಿ ಸೊಪ್ಪಿನಿಂದ ಬಡಿಯಲು ಹೋಗುವವರು ಯಾವತ್ತೂ ಬೆಂಕಿಯ ಮೇಲ್ಗಡೆ ನಿಲ್ಲಬಾರದು. ಬದಿಯಿಂದ ಬಡಿಯುತ್ತಾ ಬರಬೇಕು.

ನೀವು ದಳದಿಂದ ಏನು ಪ್ರಯೋಜನ ಎಂದು ಕೇಳಿದಿರಿ. ಗಾಡಿ ಬಂದು ನೀರು ಹೊಡೆಯುವುದು ಅದರ ಕೆಲಸದ ಒಂದು ಭಾಗ ಮಾತ್ರ. ಬಾವಿಗೆ ಬಿದ್ದವರನ್ನು ಎತ್ತುವುದು, ನೆರೆಯಲ್ಲಿ ದೋಣಿ ಹಿಡಿಯುವುದು, 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿಯ ದಡದಲ್ಲಿ ಮಳೆಯಲ್ಲೇ ನಿಂತು ಹುಡುಕಿದ್ದು, ಇದೆಲ್ಲ ಅದೇ ಜನ. ಆದರೆ ನಿಮ್ಮಂಥ ಊರಿಗೆ ಅವರಿಂದ ಆಗುವ ದೊಡ್ಡ ಉಪಕಾರ ಬೆಂಕಿ ಇಲ್ಲದ ದಿನದ್ದು. ಠಾಣಾಧಿಕಾರಿಗೆ ಒಂದು ಪತ್ರ ಬರೆಯಿರಿ. ನಮ್ಮ ಕೇರಿಗೆ ಬಂದು ಪ್ರಾತ್ಯಕ್ಷಿಕೆ ಕೊಡಿ ಎಂದು ಕೇಳಿ. ಸ್ವಸಹಾಯ ಸಂಘದಿಂದಲೋ ಶಾಲೆಯಿಂದಲೋ ಕೇಳಿದರೂ ಆಗುತ್ತದೆ. ಬಂದಾಗ ಸುಮ್ನೆ ನಿಂತು ನೋಡಬೇಡಿ. ಒದ್ದೆ ಗೋಣಿಯನ್ನು ಮನೆಯ ಹೆಂಗಸರ ಕೈಗೆ ಕೊಡಿಸಿ. ನಿಮ್ಮ ಔಷಧಿ ಪಂಪನ್ನು ಅವರೆದುರು ಚಾಲೂ ಮಾಡಿ. ಗಾಡಿಯನ್ನು ಕೇರಿಯ ಒಳಗೆ ತರಿಸಿ, ಸೇತುವೆ ತಾಳುತ್ತದಾ, ದಣಪೆ ಸಾಲುತ್ತದಾ, ಹೊಂಡದ ಹತ್ತಿರ ನಿಲ್ಲುತ್ತದಾ ನೋಡಿ. ಚಾಲಕನಿಗೆ ಒಮ್ಮೆ ದಾರಿ ಗೊತ್ತಾದರೆ ಮುಂದಿನ ಸಲ ನಿಮ್ಮ 50 ನಿಮಿಷ 40 ಆಗುತ್ತದೆ.

ಪಕ್ಕದ ಮನೆಯವರಿಗೆ ಒಂದು ವಿಷಯ ತಿಳಿಸಿ. ಬಂದ ಗಾಡಿಯ ಠಾಣೆಯಲ್ಲಿ ಬೆಂಕಿ ವರದಿ ಕೇಳಿ ಪಡೆಯಬೇಕು. ವಿಮೆ ಇದ್ದರೆ ಅದಕ್ಕೂ, ತಹಶೀಲ್ದಾರ್ ಕಚೇರಿಗೆ ಪರಿಹಾರದ ಅರ್ಜಿ ಹಾಕಲೂ ಅದು ಬೇಕು. ಕರುವಿಗೆ ಪಶುವೈದ್ಯರ ಮರಣೋತ್ತರ ವರದಿ ಮಾಡಿಸಿದ್ದರೆ ಅದನ್ನೂ ಜೊತೆಗಿಡಲಿ.

ಕೊನೆಗೆ ಬೂದಿ. ತೋಟಕ್ಕೆ ಹಾಕಬಹುದು, ಹುಲ್ಲಿನ ಬೂದಿಯಲ್ಲಿ ಪೊಟ್ಯಾಷ್ ಇದೆ, ಅಡಿಕೆಗೆ ಒಳ್ಳೆಯದೇ. ಆದರೆ ಕೊಟ್ಟಿಗೆಯ ತಗಡು, ಪ್ಲಾಸ್ಟಿಕ್, ವೈರು ಸುಟ್ಟ ಜಾಗದ ಬೂದಿ ಬೇಡ, ಬರಿ ಹುಲ್ಲಿನದ್ದು ಮಾತ್ರ. ಫೆಬ್ರವರಿಯ ರಾಶಿಯೇ ಇನ್ನೂ ಬಿದ್ದಿದ್ದರೆ ಅದು ತಣ್ಣಗಾಗಿರುತ್ತದೆ, ಹಾಕಿ. ಮುಂದೆ ಎಂದಾದರೂ ಹೊಸ ಬೂದಿ ಎತ್ತುವುದಾದರೆ ರಾಶಿಯನ್ನು ಕೊಕ್ಕೆಯಿಂದ ಹರಡಿ, ನೀರು ಹಾಕಿ, ಮೂರು ದಿನ ಬಿಡಿ. ಆಮೇಲೆ ಕೈಯ ಹಿಂಬದಿಯನ್ನು ರಾಶಿಯ ಹತ್ತಿರ ಹಿಡಿದು ನೋಡಿ. ಎಲ್ಲಿಯೂ ಬಿಸಿ ತಾಗದಿದ್ದರೆ ಬುಟ್ಟಿಗೆ ತುಂಬಿ.